ಟೊಳ್ಳು ಟೈಲು

ಕಾರು ಎತ್ತುವ ಮೊದಲು ನೆಲ ಗುಡಿಸುವುದು ನನ್ನ ಕೆಲಸ. ಕಡ್ಡಿ ಪೊರಕೆಯಿಂದ ಒಮ್ಮೆ, ಒದ್ದೆ ಬಟ್ಟೆಯಿಂದ ಒಮ್ಮೆ, ಆಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ. ಮರಳಿನ ಒಂದು ಹರಳು ಉಳಿದರೂ ಜಾಕಿನ ಗಾಲಿ ಅಲ್ಲೇ ತಡೆಯುತ್ತದೆ. ಕಾರು ಮೇಲೇಳುವಾಗ ಜಾಕು ತಾನಾಗಿ ಸ್ವಲ್ಪ ಸ್ವಲ್ಪವೇ ಉರುಳಿ ಅಡಿಗೆ ಸರಿಯಬೇಕು. ಸರಿಯದಿದ್ದರೆ ಓರೆಯಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಮೂರು ವರ್ಷದ ಭಾನುವಾರಗಳಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕೂತು ಅಣ್ಣನ ಕೆಲಸ ನೋಡಿ ಕಲಿತದ್ದು.

ಆ ಭಾನುವಾರ ಬೆಳಿಗ್ಗೆ ಅಬಾಹ್, ಅಂದರೆ ಅಪ್ಪ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ನಾನು ಅಬಾಂಗ್ ಎಂದು ಕರೆಯುವ ಅಣ್ಣ ಜುಫ್ರಿ ಕೈಗವಸು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಅಂಗಿಯನ್ನೂ ಬದಲಿಸದೆ ಗೋಡೆಗೊರಗಿ ನಿಂತಿದ್ದ. ನನ್ನ ಒರೆಸುವ ಬಟ್ಟೆ ಅವನ ಪಾದದ ಹತ್ತಿರ ಬಂದಾಗ ಒಂದು ಕಾಲೆತ್ತಿದ, ಆಮೇಲೆ ಇನ್ನೊಂದು ಕಾಲೆತ್ತಿದ. ಅಮ್ಮ ಹಿಂದಿನ ಬೀದಿಯ ಮದುವೆ ಮನೆಗೆ ಈರುಳ್ಳಿ ಹೆಚ್ಚಲು ಹೋಗಿದ್ದಳು.

ಗೇಟಿನಿಂದ ನಾಲ್ಕೈದು ಹೆಜ್ಜೆ ಒಳಗೆ, ಪಕ್ಕದ ಮನೆಯ ಗೋಡೆಯ ಕಡೆಗೆ, ಒಂದು ಜಾಗದಲ್ಲಿ ಪೊರಕೆಯ ಸದ್ದು ಬದಲಾಗುತ್ತದೆ. ಎರಡೇ ಟೈಲು. ಬೆರಳಿಂದ ತಟ್ಟಿದರೆ ಖಾಲಿ ಡಬ್ಬದ ಹಾಗೆ ಕೇಳುತ್ತದೆ.

ಯಾಕೆಂದು ನನಗೆ ಗೊತ್ತು. ಅಕ್ಕನ ಮದುವೆಗೆ ನಮ್ಮಲ್ಲೂ ಊರಿಗೆಲ್ಲ ಊಟ ಹಾಕಿಸಿದ್ದರು. ಮೇಜುಗಳು ಅಲುಗಾಡದೆ ನಿಲ್ಲಲಿ ಎಂದು ಅಬಾಹ್ ಅಂಗಳಕ್ಕೆ ಅಡ್ಡವಾಗಿದ್ದ ಚರಂಡಿಯನ್ನು ಸಿಮೆಂಟು ಚಪ್ಪಡಿಗಳಿಂದ ಮುಚ್ಚಿಸಿ, ಮೇಲೆ ಬಿಳಿ ಟೈಲು ಹಾಕಿಸಿದರು. ಎರಡು ಚಪ್ಪಡಿ ಕಡಿಮೆ ಬಿದ್ದವು. ಅಂಗಡಿ ಮುಚ್ಚಿತ್ತು, ಊಟ ಮಾರನೆಯ ದಿನ. ಮೇಸ್ತ್ರಿ ಒಂದು ಪ್ಲೈವುಡ್ ಹಲಗೆ ಇಟ್ಟು, ಮೇಲೆ ಗಾರೆ ಸವರಿ, ಟೈಲು ಕೂರಿಸಿಬಿಟ್ಟ. ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ನನ್ನ ಮೇಲೆ ಅಬಾಹ್ ಕಣ್ಣು ಬಿತ್ತು.

"ಅಮ್ಮಂಗೆ ಹೇಳ್ಬೇಡ ತುರಾ" ಎಂದರು.

ಆಗ ನನಗೆ ಹನ್ನೊಂದು. ಅಮ್ಮನಿಗೆ ಹೇಳಲಿಲ್ಲ. ಬೇರೆ ಯಾರಿಗೂ ಹೇಳಲಿಲ್ಲ. ಹದಿನೈದಕ್ಕೆ ಶಾಲೆ ಬಿಟ್ಟ ಮೇಲೆ ಈ ನೆಲ ತೊಳೆಯುವುದು ನನ್ನ ಪಾಲಿಗೆ ಬಂತು. ಆ ಎರಡರ ಮೇಲೆ ನಾನು ಕಾಲಿಡುವುದಿಲ್ಲ. ಬಂದವರೆಲ್ಲ ನೆಲ ಹೊಗಳುತ್ತಾರೆ. ಆಗ ಅಬಾಹ್ ಪ್ರತಿ ಸಲವೂ, "ನಾನೇ ನಿಂತು ಮಾಡಿಸಿದ್ದು" ಎನ್ನುತ್ತಾರೆ.

ಕಾರು ಅದರ ಮೇಲೆ ಹಾದುಹೋದರೆ ಏನೂ ಆಗುತ್ತಿರಲಿಲ್ಲ. ಟೈರಿನ ಭಾರ ಹರಡಿಕೊಳ್ಳುತ್ತದೆ, ಕ್ಷಣದಲ್ಲಿ ದಾಟಿಹೋಗುತ್ತದೆ. ಅಬಾಂಗ್ ಯಾವಾಗಲೂ ಕಾರಿನ ಮೂತಿ ಒಳಗೆ ಮಾಡಿ ನಿಲ್ಲಿಸುತ್ತಿದ್ದ, ಎತ್ತುವುದು ಆ ಟೈಲುಗಳಿಂದ ದೂರವೇ ಆಗುತ್ತಿತ್ತು. ಆ ದಿನ ಎಣ್ಣೆ ಸೋರುತ್ತಿದ್ದದ್ದು ಮುಂಭಾಗದಲ್ಲಿ. ಬೆಳಕು, ಗಾಳಿ ಎರಡೂ ಬೇಕೆಂದು ಕಾರನ್ನು ಹಿಮ್ಮುಖವಾಗಿ ಒಳಗೆ ತಂದ. ಎರಡೇ ಸೀಟಿನ ಹಳೆಯ ಕೆಂಪು ಕಾರು. ನೆಲದಿಂದ ನನ್ನ ಒಂದು ಗೇಣೂ ಎತ್ತರವಿಲ್ಲ. ಜಾಕು ಹಾಗೇ ತೂರುವುದಿಲ್ಲ. ಮೊದಲು ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಬೇಕು.

ಗೋಡೆಯಾಚೆ ಗಿಡಗಳಿಗೆ ನೀರು ಹಾಕುತ್ತಿದ್ದ ಲ್ಯೋಂಗ್ ಅಂಕಲ್ ಇಣುಕಿದರು.

"ಏನಯ್ಯಾ ಜುಫ್ರಿ, ಇನ್ನೂ ಜೀವ ಇದ್ಯಾ ಇದಕ್ಕೆ? ನಮ್ಮನೆ ಬೆಕ್ಕು ಇದರ ಅಡಿಗೆ ಹೋಗ್ಬೇಕಾದ್ರೆ ಹೊಟ್ಟೆ ಒಳಗೆ ಎಳ್ಕೊಳತ್ತೆ."

"ಬೆಕ್ಕಿಗೆ ಮೀನು ಕಮ್ಮಿ ಹಾಕಿ ಅಂಕಲ್."

"ಮದುವೆ ಆಗೋ ವಯಸ್ಸಲ್ಲಿ ಕಾರಿನ ಅಡಿ ಮಲಗ್ತಾನೆ ನೋಡು" ಎಂದು ನನಗೆ ಹೇಳಿ ಒಳಗೆ ಹೋದರು.

ಅಬಾಂಗ್ ಹಿಂದಿನ ಚಕ್ರಗಳಿಗೆ ಮರದ ಬೆಣೆ ಕೊಟ್ಟ. ಜಾಕನ್ನು ಮುಂದಿನಿಂದ ನಡುವಿನ ಉಕ್ಕಿನ ಅಡ್ಡಪಟ್ಟಿಯ ಕೆಳಗೆ ತಳ್ಳಿ ಹಿಡಿ ಒತ್ತತೊಡಗಿದ. ಹತ್ತು ಸಲ ಒತ್ತಿ ನಿಲ್ಲುವನು, ಕಣ್ಣುಜ್ಜಿಕೊಳ್ಳುವನು. ಮೂತಿ ಮೇಲೆದ್ದಿತು. ಎಡಗಡೆಯ ಚಕ್ರ ಬಿಚ್ಚಿದ. ಎರಡು ಕಬ್ಬಿಣದ ಸ್ಟ್ಯಾಂಡು ತಂದು ಎರಡೂ ಬದಿಗೆ ಇಟ್ಟ. ಎಡಗಡೆಯ ಸ್ಟ್ಯಾಂಡಿನ ನಾಲ್ಕು ಕಾಲೂ ಆ ಎರಡು ಟೈಲಿನ ಮೇಲೇ ಬಂದವು.

"ಅಬಾಂಗ್, ಕಾರು ಸ್ವಲ್ಪ ಒಳಗೆ ತಗೋ" ಎಂದೆ.

"ಈಗ? ಇಷ್ಟು ಎತ್ತಿದ ಮೇಲೆ? ಯಾಕೆ?"

ಅಬಾಹ್ ಕಾಫಿ ಕುಡಿಯುವುದು ನಿಲ್ಲಿಸಿದರು. ನಾನು ಅವರ ಮುಖ ನೋಡಿದೆ. ಅವರು ಲೋಟದೊಳಗೆ ನೋಡಿದರು.

"ಬಿಸಿಲು ಬರತ್ತೆ" ಎಂದೆ.

"ಬಂದ್ರೆ ಬರ್ಲಿ ಬಿಡು. ನಿನ್ನ ಬಣ್ಣ ಏನೂ ಕರಗಲ್ಲ."

ಅವನು ಜಾಕನ್ನು ಸಡಿಲಿಸಿ ಕಾರನ್ನು ಸ್ಟ್ಯಾಂಡಿನ ಮೇಲೆ ಇಳಿಸಿದ. ಬೇರೆ ದಿನವಾಗಿದ್ದರೆ ಸೊಂಟ ಕೊಟ್ಟು ಎರಡೂ ಕಡೆಯಿಂದ ಜೋರಾಗಿ ದೂಡಿ ನೋಡುತ್ತಿದ್ದ. ಅಂದು ಒಂದು ಕೈಯಿಂದ ಒಮ್ಮೆ ಅಲುಗಿಸಿ ಸುಮ್ಮನಾದ. ಬಿಚ್ಚಿದ ಚಕ್ರವನ್ನು ನಾನು ಕಾರಿನ ಅಂಚಿನ ಕೆಳಗೆ ತಳ್ಳಲು ಹೋದೆ. ಸ್ಟ್ಯಾಂಡು ಕೈಕೊಟ್ಟರೆ ಚಕ್ರವಾದರೂ ತಡೆಯಲಿ ಎಂದು ಪ್ರತಿ ಸಲ ನಾನೇ ಇಡುವುದು.

"ಬೇಡ ಸೇಫ್ಟಿ ಆಫೀಸರಮ್ಮ, ಕಾಲಿಗೆ ಅಡ್ಡ ಬರತ್ತೆ" ಎಂದು ಅದನ್ನು ಗೋಡೆಗೆ ಉರುಳಿಸಿದ. ಜಾಕನ್ನೂ ಹೊರಗೆಳೆದ. ರಟ್ಟು ಹಾಸಿ, ಎಡಬದಿಯಿಂದ ಅಡಿಗೆ ಜಾರಿದ. ಮೊಣಕಾಲಿನಿಂದ ಕೆಳಗಷ್ಟೇ ಹೊರಗೆ ಕಾಣುತ್ತಿತ್ತು.

ಸ್ವಲ್ಪ ಹೊತ್ತು ಸ್ಪ್ಯಾನರಿನ ಸದ್ದು ಕೇಳಿತು. ಆಮೇಲೆ ನಿಧಾನವಾಯಿತು. ಆಮೇಲೆ ನಿಂತಿತು. ಅವನ ಎಡಗಾಲು ಸಡಿಲಾಗಿ ಹೊರಮಗ್ಗುಲಿಗೆ ವಾಲಿತು. ಬಗ್ಗಿ ನೋಡಿದೆ. ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಕುರ್ಚಿಯಲ್ಲಿ ಅಬಾಹ್ ಕೂಡ ತೂಕಡಿಸುತ್ತಿದ್ದರು. ನನಗೂ ಕಣ್ಣು ಎಳೆಯುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಯಾವಾಗಲೂ ನಿದ್ದೆ ಬಾಕಿ ಇರುತ್ತದೆ.

ಆಗ ಟಿಕ್ ಎಂದಿತು. ಕಡಲೆಬೀಜದ ಸಿಪ್ಪೆ ಒಡೆದಷ್ಟೇ ಸದ್ದು.

ಸ್ಟ್ಯಾಂಡಿನ ಒಂದು ಕಾಲಿನಿಂದ ಟೈಲಿನ ಅಂಚಿನವರೆಗೆ ಕೂದಲಿನಷ್ಟು ಸಣ್ಣ ಗೆರೆ ಮೂಡಿತ್ತು.

ಕೂಗಲು ಬಾಯಿ ತೆರೆದು ಮುಚ್ಚಿಕೊಂಡೆ. ರಾತ್ರಿ ಪಾಳಿ ಶುರುವಾದಾಗಿನಿಂದ ಅಬಾಂಗನನ್ನು ದಿಢೀರನೆ ಎಬ್ಬಿಸುವ ಹಾಗಿಲ್ಲ, ಕೈಕಾಲು ಎಸೆಯುತ್ತಾ ಏಳುತ್ತಾನೆ. ಒಮ್ಮೆ ಅಮ್ಮನ ಕೈಯಿಂದ ಸಾರಿನ ಬಟ್ಟಲು ಹಾರಿಹೋಗಿತ್ತು. ಈಗ ಹಾಗೆ ಎದ್ದರೆ ಅವನ ಮೊಣಕಾಲು ಬಡಿಯುವುದು ಸ್ಟ್ಯಾಂಡಿಗೇ.

ಚಪ್ಪಲಿ ಬಿಟ್ಟೆ. ಗೋಡೆಯ ಬಳಿಯ ಚಕ್ರವನ್ನು ಉರುಳಿಸಿ ತಂದು, ಅವನ ಕಾಲಿಗೆ ತಾಗದಂತೆ ಕಾರಿನ ಅಂಚಿನ ಕೆಳಗೆ ಮಲಗಿಸಿ ತಳ್ಳಿದೆ. ಅದಕ್ಕೂ ಕಾರಿಗೂ ನಡುವೆ ಇನ್ನೂ ಅರ್ಧ ಗೇಣು ಜಾಗವಿತ್ತು. ಮೇಲೆ ಒಂದು ಹಲಗೆ ಇಟ್ಟೆ, ಇನ್ನೊಂದು ಇಟ್ಟೆ. ಎರಡು ಬೆರಳಿನ ಸಂದು ಉಳಿಯಿತು. ಆಮೇಲೆ ಜಾಕನ್ನು ಮುಂದಿನಿಂದ ತೂರಿಸಿ, ಅವನು ಇಡುವ ಜಾಗಕ್ಕೇ ಇಟ್ಟು ಹಿಡಿಯನ್ನು ಒತ್ತುತ್ತಾ ಹೋದೆ. ಅದುವರೆಗೆ ಒಮ್ಮೆಯೂ ಒತ್ತಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು ಅಂಗೈಗೆ ಗೊತ್ತಾಯಿತು. ಇನ್ನೊಂದು ಸಲ ಒತ್ತಿದೆ. ಭಾರ ನನ್ನ ಕಡೆಗೆ ಬಂತು.

ಆದರೆ ಆ ಜಾಕು ಹಳೆಯದು. ಎತ್ತಿ ಬಿಟ್ಟರೆ ತನ್ನಷ್ಟಕ್ಕೆ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಅಬಾಂಗ್ ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಎಂದೂ ಕೈಯನ್ನೂ ಹಾಕುವುದಿಲ್ಲ. ನಾನು ಓಡಿಬಂದು ಅವನ ಎರಡೂ ಕಾಲಿನ ಹರಡುಗಳನ್ನು ನೆಲಕ್ಕೆ ಬಿಗಿಯಾಗಿ ಒತ್ತಿ ಹಿಡಿದೆ.

"ಅಬಾಂಗ್. ನಾನು, ತುರಾ. ತಲೆ ಎತ್ಬೇಡ. ಹಾಗೇ ಹೊರಗೆ ಜಾರು."

ಕಾಲು ಒಮ್ಮೆ ಜೋರಾಗಿ ಕೊಸರಿತು. ಬಿಡಲಿಲ್ಲ.

"ಏನೇ ಅದು?"

"ಮೊದ್ಲು ಬಾ."

ರಟ್ಟಿನ ಸಮೇತ ಅವನನ್ನು ಎಳೆದೆ. ಅವನು ಎದ್ದು ಕೂತು ಗಲ್ಲದ ಎಣ್ಣೆ ಒರೆಸಿಕೊಳ್ಳುವಷ್ಟರಲ್ಲಿ ಜಾಕು ಇಳಿದು ಭಾರ ಮತ್ತೆ ಸ್ಟ್ಯಾಂಡಿಗೆ ಹೋಯಿತು. ಟೈಲು ಪಟ್ಟನೆ ಒಡೆಯಿತು. ಸ್ಟ್ಯಾಂಡಿನ ಎರಡು ಕಾಲು ಒಳಗೆ ಹೂತು, ಅದು ಓರೆಯಾಗಿ ಬಿತ್ತು. ಕಾರು ಧಪ್ಪೆಂದು ಹಲಗೆಯ ಮೇಲೆ ಕೂತಿತು. ಚಕ್ರ ತಡೆದುಕೊಂಡಿತು.

ಅಬಾಹ್ ಎಚ್ಚರಗೊಂಡು ಎದ್ದು ನಿಂತಿದ್ದರು.

ಅಬಾಂಗ್ ತೂತಿನೊಳಗೆ ಬೆರಳು ಹಾಕಿ, ನೆನೆದ ಬಿಸ್ಕತ್ತಿನಂತಾಗಿದ್ದ ಒಂದು ಚೂರು ಕಿತ್ತು ತೆಗೆದ.

"ಪ್ಲೈವುಡ್ಡು" ಎಂದ.

"ಆ ಮೇಸ್ತ್ರಿ ಮಾಡಿದ್ದು. ಆ ದಿನ ಅಂಗಡಿ ಮುಚ್ಚಿತ್ತು" ಎಂದರು ಅಬಾಹ್.

ಅಬಾಂಗ್ ನನ್ನ ಕಡೆ ತಿರುಗಿದ. "ಬಿಸಿಲು ಅಂದ್ಯಲ್ಲೇ."

"ಗೊತ್ತಿತ್ತು ನಂಗೆ" ಎಂದೆ.

ಅವನು ಬಯ್ಯುತ್ತಾನೆ ಅಂದುಕೊಂಡೆ. ಬಯ್ಯಲಿಕ್ಕೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ. ಆ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಗೋಡೆಯ ಮೇಲೆ ಮತ್ತೆ ಲ್ಯೋಂಗ್ ಅಂಕಲ್ ತಲೆ ಕಂಡಿತು. "ಏನದು ಸದ್ದು?"

"ಏನಿಲ್ಲ, ಹಲಗೆ ಬಿತ್ತು" ಎಂದರು ಅಬಾಹ್. ಬಿದ್ದಿದ್ದ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ಬಾಗಿಲ ಬಳಿಯ ಕಾಲೊರಸನ್ನು ಎಳೆದು ತಂದು ತೂತಿನ ಮೇಲೆ ಹಾಸಿದರು. ಮಧ್ಯದಲ್ಲಿ ಅದು ತಗ್ಗಿತು. ಅಂಚು ಹಿಡಿದು ಬಿಗಿಯಾಗಿ ಎಳೆದರು.

"ಅಬಾಹ್, ಅದನ್ನ ಪೂರ್ತಿ ಒಡೆಸಿ ಕೆಳಗೆ ಚಪ್ಪಡಿ ಹಾಕ್ಸಿ" ಎಂದೆ.

ಅಂಕಲ್ ಒಳಗೆ ಹೋದರು. ಅಬಾಹ್ ಕಾಲೊರಸಿನ ಇನ್ನೊಂದು ಅಂಚು ಸರಿಪಡಿಸಿದರು. ಅಬಾಂಗನ ಉಸಿರು ಆಗಲೇ ನಿದ್ದೆಯ ಉಸಿರಾಗಿತ್ತು.

ನಾನು ಸ್ವಲ್ಪ ಜೋರಾಗಿ, ಇನ್ನೊಮ್ಮೆ ಹೇಳಿದೆ.

"ಚಪ್ಪಡಿ ಹಾಕ್ಸಿ, ಅಬಾಹ್."