ಹತ್ತು ಲಕ್ಷದ ಒಂಬತ್ತು

ಬಾಗಿಲ ಮೇಲೆ ಮೂರು ಗುದ್ದು ಬಿದ್ದವು. ಆತ್ಮಾರಾಮ ಮಾಸ್ತರರು ಚಿಲಕ ತೆಗೆದರೆ, ಕತ್ತಲಲ್ಲಿ ಶಾಂತಪ್ಪ ಮಾಸ್ತರರ ಮಗ ಆನಂದಕುಮಾರ ನಿಂತಿದ್ದ.

"ಅಪ್ಪ ಹೋದ. ನಾಳಿ ಮಣ್ಣಿಗಿ ನೀವು ಬರಬ್ಯಾಡ್ರಿ."

ಅಷ್ಟೇ. ಹೆಜ್ಜೆಯ ಸದ್ದು ದೂರವಾಯಿತು.

ಕಾರಣ ಆತ್ಮಾರಾಮರಿಗೆ ಗೊತ್ತಿತ್ತು. ಇಪ್ಪತ್ತೈದು ವರ್ಷಗಳಿಂದ ನಾರಾಯಣಖೇಡದ ತುಂಬ ಅವರನ್ನು ಅಟ್ಟಿಸಿಕೊಂಡು ಬಂದ ಕಳಂಕವದು. ಗೆಳೆಯನ ಸಮಾಧಿಗೆ ಹಿಡಿ ಮಣ್ಣು ಹಾಕದೆ ಮನೆಯಲ್ಲಿ ಕುಳಿತರೆ, ತಪ್ಪನ್ನು ತಾವೇ ಒಪ್ಪಿಕೊಂಡಂತೆ. ಬೆಳಗಾಗುತ್ತಲೇ ಹೊರಟರು.

* * *

ಇಪ್ಪತ್ತೈದು ವರ್ಷಗಳ ಹಿಂದೆ ಶಾಂತಪ್ಪನವರಿಗೆ ೧೦,೦೦,೦೦೯ರ ಹುಚ್ಚು ಹತ್ತಿತ್ತು. ಅದು ಅವಿಭಾಜ್ಯ, ಯಾವ ಸಂಖ್ಯೆಗೂ ಬಗ್ಗದ ಸಂಖ್ಯೆ ಎಂದು ಸಾಧಿಸಲು, ಸಾವಿರದೊಳಗಿನ ನೂರಾ ಅರವತ್ತೆಂಟು ಅವಿಭಾಜ್ಯಗಳಿಂದಲೂ ಒಂದೊಂದಾಗಿ ಭಾಗಿಸಿ ಬೇಸಿಗೆಯ ರಜೆಯನ್ನೆಲ್ಲ ಸವೆಸಿದರು. ಇನ್ಸ್‌ಪೆಕ್ಟರರು ಬರುವ ಹಿಂದಿನ ಸಂಜೆ ಅದನ್ನು ಶಾಲೆಯ ಕರಿಹಲಗೆಯ ಮೇಲೆ ಹೆಮ್ಮೆಯಿಂದ ಬರೆದಿಟ್ಟರು.

ಮರುದಿನ ಅದರ ಕೆಳಗೆ ಇನ್ನೊಂದು ಸಾಲಿತ್ತು: ೨೯೩ × ೩೪೧೩.

ಇನ್ಸ್‌ಪೆಕ್ಟರರು ಅಲ್ಲೇ ಗುಣಿಸಿ ನೋಡಿದರು. ತಾಳೆಯಾಯಿತು. ಇನ್ನೂರ ತೊಂಬತ್ತಮೂರರ ಭಾಗಾಕಾರದಲ್ಲಿ ಶಾಂತಪ್ಪನವರು ಒಂದು ಕಡೆ ಕಳೆಯುವುದರಲ್ಲಿ ತಪ್ಪಿದ್ದರು. ಆ ಕೋಣೆಯ ನಗು ಊರಿಗೆಲ್ಲ ಹಬ್ಬಿತು. ಅವರು ಮತ್ತೆಂದೂ ಸೀಮೆಸುಣ್ಣ ಹಿಡಿಯಲಿಲ್ಲ. ಆ ಸಂಖ್ಯೆಯನ್ನು ಒಡೆಯಬಲ್ಲ ಇನ್ನೊಬ್ಬ ಗಣಿತದ ಮಾಸ್ತರರೆಂದರೆ ಆತ್ಮಾರಾಮರೊಬ್ಬರೇ. ಊರು ಅವರತ್ತ ಬೆರಳು ಮಾಡಿತು. ಶಾಂತಪ್ಪನವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

* * *

ಪ್ರತ್ಯೇಕ ತೆಲಂಗಾಣದ ಮುಷ್ಕರದಿಂದ ಬಸ್ಸುಗಳು ನಿಂತಿದ್ದವು. ಶಾಂತಪ್ಪನವರ ಮಗಳು ಪ್ರೇಮಲಾ ಯಾರದೋ ಜೀಪು ಹತ್ತಿ ತಾಂಡೂರಿನಿಂದ ಬಂದಿದ್ದಳು. ಆತ್ಮಾರಾಮರು ರುದ್ರಭೂಮಿ ತಲುಪುವ ಹೊತ್ತಿಗೆ ಶಾಂತಪ್ಪನವರಿಗೆ ವಿಭೂತಿ ಹಚ್ಚಿ ಕುಣಿಯೊಳಗೆ ಕೂರಿಸಿ ಆಗಿತ್ತು.

"ಬಸ್ ಬಂದ್, ಸಾಲಿ ಬಂದ್. ಮಾಸ್ತರ್ರ ನಾಚಿಕೀನೂ ಬಂದ್ ಆಗ್ಯಾದೇನು?" ಕುಣಿ ತೋಡಿದ ಅಂಜಪ್ಪ ಸಲಿಕೆಗೆ ಆತುಕೊಂಡು ಕುಟುಕಿದ.

ಆನಂದಕುಮಾರ ಅಡ್ಡ ನಿಂತ. "ಇನ್ನೊಂದು ಹೆಜ್ಜಿ ಇಟ್ರ ನಿಮ್ಮನ್ನೂ ಇದರಾಗೇ ಇಳಸ್ತೀನಿ."

"ಇಳಸಪಾ. ಆದ್ರ ಹಲಗಿ ಮ್ಯಾಲ ಅದನ್ನ ನಾ ಬರದಿಲ್ಲ. ಅವನ ತಪ್ಪು ನನಗ ಕಂಡಿದ್ರ ಮನೀಗಿ ಬಂದು ಕಿವಿ ಹಿಂಡ್ತಿದ್ದೆ, ಚಾ ಕುಡದು ಹೋಗ್ತಿದ್ದೆ."

"ಮತ್ತ ದೆವ್ವ ಬಂದು ಭಾಗಾಕಾರ ಮಾಡಿತೇನು?" ಆನಂದಕುಮಾರನ ಕೈ ಮುದುಕರ ಕೊರಳಪಟ್ಟಿಗೆ ಹೋಯಿತು.

"ಬಿಡೋ ಅವರನ್ನ!" ಶಾಂತಪ್ಪನವರ ಹೆಂಡತಿ ಪಾರ್ವತಿಬಾಯಿ ಎದ್ದು ಬಂದರು. "ನಿಮ್ಮಪ್ಪಗ ಅವತ್ತೇ ಗೊತ್ತಾಗಿತ್ತು. ಎಂಟನೇ ಕ್ಲಾಸಿನ ಕೂಸು, ಅಪ್ಪ ಶಾಬಾಸ್ ಅಂತಾನಂತ ಬರದಿತ್ತು. ಕೂಸಿನ ಮ್ಯಾಲ ಊರು ಬೀಳಬಾರದು, ಆತ್ಮಾರಾಮ ಆದ್ರ ತಡಕೋತಾನ ಅಂದು ನನ್ನ ಬಾಯಿ ಕಟ್ಟಿಸಿದ್ರು."

ಕೊರಳಪಟ್ಟಿ ಸಡಿಲಾಯಿತು. "ಯಾವ ಕೂಸು, ಅವ್ವಾ?"

ಪಾರ್ವತಿಬಾಯಿ ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಆತ್ಮಾರಾಮರ ಅಂಗೈಗೆ ಸುರಿದರು.

"ನಮ್ಮ ಪ್ರೇಮಲಾ."