ಒಣ ಬಟ್ಟೆಗೆ ಹಾಡು ಏಳಲ್ಲ

"ಏಯ್, ಆ ಗಬ್ಬು ಗಂಟನ್ನ ಹೊರಗೆ ಎಸೀರೇ! ಕಾರ್ಪೆಟ್ ಮೇಲೆ ಇಡೋ ವಸ್ತುವೇನೇ ಅದು?"

ಕಲಾಕೇಂದ್ರದ ಅಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂಗಿದ. ಗಂಟಲಕ್ಕ ಗಂಟನ್ನು ಎಸೆಯಲಿಲ್ಲ, ಪರದೆಯ ಹಿಂದಕ್ಕೆ ಒಯ್ದಿಟ್ಟಳು. ಕೇರಿಯ ಆಚೆ ತುದಿಗೂ ಮುಟ್ಟುವ ದನಿಯಿಂದ ಆ ಹೆಸರು ಪಡೆದವಳು ಅವಳು. ಗಂಟಿನಲ್ಲಿದ್ದದ್ದು ಹೆರಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ. ರಕ್ತ ಒಣಗಿ ಗಟ್ಟಿಯಾಗಿತ್ತು. ನಾಳೆಯೊಳಗೆ ಒಗೆದು ಕೊಡದಿದ್ದರೆ ಕೆಲಸ ಮೆಷಿನ್ ಅಂಗಡಿಯವನ ಪಾಲು ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಕೇರಿಯ ಹೆಂಗಸರ ಒಲೆ ಉರಿಯುತ್ತಿದ್ದದ್ದೇ ಆ ಕೆಲಸದಿಂದ.

ಒಗೆಯುವುದಾದರೂ ಎಲ್ಲಿ? ಅಜ್ಜಿಯರ ಕಾಲದಿಂದ ಒಗೆಯುತ್ತಿದ್ದ ನಗರಸಭೆಯ ಕಟ್ಟೆ ಇದ್ದದ್ದು ಇಲ್ಲೇ. ಸಮುದಾಯದ ಕಲೆಗೆಂದು ಸರ್ಕಾರದ ಹಣ ಬಂದದ್ದೇ ತಡ, ಸುತ್ತ ಬೇಲಿ ಬಿತ್ತು. ನೀರಿನ ತೊಟ್ಟಿ ಬಣ್ಣದ ದೀಪದ ಕಾರಂಜಿಯಾಯಿತು. ಒಗೆಯುವ ಕಲ್ಲುಗಳಿಗೆ ಪಾಲಿಶ್ ಹೊಡೆದು ಬಯಲು ವೇದಿಕೆಯ ಅಂಚಿಗೆ ಸಾಲಾಗಿ ನಿಲ್ಲಿಸಿದರು. ಸಮುದಾಯವನ್ನು ಬೇಲಿಯಾಚೆ ಅಟ್ಟಿದರು.

ಈಗ ಉದ್ಘಾಟನೆಗೆ ಅವರ ಹಾಡು ಬೇಕಂತೆ. ಗಂಟಲಕ್ಕ ಒಂದು ಸಾಲು ಎತ್ತಬೇಕು, ಉಳಿದವರು ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸಿ ಬಡಿತದಲ್ಲೇ ಉತ್ತರ ಕೊಡಬೇಕು, ಅಂಥ ಹಾಡು. ಚೆನ್ನಾಗಿ ಹಾಡಿದರೆ ಒಗೆಯಲು ಕೇಂದ್ರದ ಹಿಂಬದಿಯ ನಲ್ಲಿ ಬಿಡಿಸಿಕೊಡುತ್ತೇನೆಂದು ಅಧಿಕಾರಿ ಮಾತು ಕೊಟ್ಟಿದ್ದ. ಆ ನಲ್ಲಿಯ ಆಸೆಗೇ ಎಲ್ಲರೂ ಬಂದಿದ್ದರು.

ಅವನು ಎಲ್ಲರ ಕೈಗೂ ಇಸ್ತ್ರಿಯ ಗೆರೆ ಮಾಸದ ಹೊಸ ಬಿಳಿ ಬಟ್ಟೆ ಕೊಟ್ಟ.

"ಒಣ ಬಟ್ಟೆಗೆ ಹಾಡು ಏಳಲ್ಲ ಸಾರ್. ಕೈಗೆ ತೂಕ ಬೇಕು," ಎಂದಳು ಗಂಟಲಕ್ಕ.

"ಬಡಿಯೋ ಸದ್ದು ರೆಕಾರ್ಡಲ್ಲಿದೆ. ಬೇಲಿ ಹಾಕೋ ಮುಂಚೆನೇ ಹಿಡ್ಕೊಂಡಿದ್ವಿ. ನೀವು ಸುಮ್ನೆ ಕೈ ಎತ್ತಿ ಇಳಿಸಿ. ನೀರು ಗೀರು ಚೆಲ್ಲಿದ್ರೆ ಹುಷಾರ್, ಎದುರಿಗೇ ದೊಡ್ಡವರು ಕೂತಿರ್ತಾರೆ."

"ಆಮೇಲೆ ನಲ್ಲಿ ಬಿಡ್ತೀರಲ್ವಾ?"

"ನಲ್ಲಿನಾ?" ಅವನು ನಕ್ಕ. "ಇದು ಕಲೆಗೆ ಬಂದಿರೋ ಹಣ ಕಣಮ್ಮಾ, ನಿಮ್ಮ ಕೊಳೆ ತೊಳೆಯೋಕಲ್ಲ. ಪ್ರಮಾಣಪತ್ರ ಕೊಡ್ತೀವಿ, ಗೋಡೆಗೆ ತಗಲಿಸ್ಕೊಳ್ಳಿ."

ನಾದಿನಿ ಗಂಟಲಕ್ಕನ ತೋಳು ಜಗ್ಗಿದಳು. "ನೋಡ್ದಾ ಅತ್ತಿಗೇ, ಬೋಳಿಮಗ ಮೂಗಿಗೆ ತುಪ್ಪ ಸವರಿದ್ದ. ನಡಿ, ಹೋಗೋಣ."

"ಎಲ್ಲಿಗೇ ಹೋಗೋದು? ಮನೇಲಿ ನೀರು ಕಾಯ್ತಾ ಕೂತಿದೆಯಾ?"

ಭಾಷಣಗಳಾದವು. ಶ್ರಮಿಕರ ಬೆವರೇ ನಿಜವಾದ ಕಲೆ ಎಂದರು ಮುಖ್ಯ ಅತಿಥಿ. ಅವರ ಎರಡೂ ಪಕ್ಕದಲ್ಲಿ ಫ್ಯಾನ್ ತಿರುಗುತ್ತಿತ್ತು.

ಪರದೆ ಸರಿಯಿತು. ಸ್ಪೀಕರಿನಿಂದ ಅವರದೇ ಬಡಿತ ಹೊರಟಿತು. ಹೆಂಗಸರು ಒಣ ಬಟ್ಟೆ ಎತ್ತಿದರು, ಇಳಿಸಿದರು. ರೆಕಾರ್ಡಿನ ಬಡಿತದ ನಡುವೆ ಯಾರೋ ಕೆಮ್ಮಿದರು. ಗಂಟಲಕ್ಕನ ಕೈ ನಿಂತಿತು. ಅದು ಅವಳ ಅತ್ತೆಯ ಕೆಮ್ಮು. ಬೇಲಿ ಬಿದ್ದ ಮೇಲೆ, ಈಗ ಬತ್ತಿಹೋಗಿರುವ ದೂರದ ಹೊಂಡದಿಂದ ಗಂಟು ಹೊತ್ತು ಬರುವಾಗ ದಾರಿಯಲ್ಲೇ ಕುಸಿದು ಸತ್ತಿದ್ದಳು ಮುದುಕಿ. ಗಂಟಲಕ್ಕನಿಗೆ ದುಃಖ ಒತ್ತರಿಸಿ ಬಂತು, ಅದರ ಬೆನ್ನಿಗೇ ಸಿಟ್ಟು.

ಬಿಳಿ ಬಟ್ಟೆಯನ್ನು ಬಿಸಾಡಿದಳು. ಪರದೆಯ ಹಿಂದಿನ ಗಂಟನ್ನು ದರದರ ಎಳೆದು ತಂದು ವೇದಿಕೆಯ ಪಕ್ಕದ ಕಾರಂಜಿಗೆ ಸುರಿದಳು. ನೀರು ಕೆಂಪಗಾಯಿತು. ಭಾರವಾದ ಬಟ್ಟೆಯನ್ನು ಎತ್ತಿ, ಪಾಲಿಶ್ ಹೊಡೆದ ಕಲ್ಲಿಗೆ ಅಪ್ಪಳಿಸಿ ಗಂಟಲು ತೆರೆದಳು.

"ನೀರು ಕಟ್ಟಿದೋನ ನಾಲಿಗೆ ಒಣಗಲೋ!"

ನಾದಿನಿ ಇನ್ನೊಂದು ಕಲ್ಲಿನ ಮೇಲೆ ಉತ್ತರ ಕೊಟ್ಟಳು. ಆಮೇಲೆ ಎಲ್ಲರೂ. ಹನಿಗಳು ಮುಂದಿನ ಸಾಲಿನ ಬಿಳಿ ಅಂಗಿಗಳ ಮೇಲೆ ಬಿದ್ದವು.

"ನಿಲ್ಸೇ ಮುಂಡೇ!" ಅಧಿಕಾರಿ ಕೈ ಎತ್ತಿಕೊಂಡು ಓಡಿಬಂದ. ಅಷ್ಟರಲ್ಲಿ ಮುಖ್ಯ ಅತಿಥಿ ಎದ್ದು ನಿಂತು, "ಆಹಾ, ಎಷ್ಟು ಸಹಜವಾಗಿದೆ!" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ಅಧಿಕಾರಿಯೂ ತಟ್ಟಿದ.

ಚಪ್ಪಾಳೆ ಮುಗಿಯಿತು, ಬಡಿತ ಮುಗಿಯಲಿಲ್ಲ. ಮುಖ್ಯ ಅತಿಥಿ ಕೆನ್ನೆ ಒರೆಸಿಕೊಂಡರು. ಬೆರಳಿಗೆ ಅಂಟಿದ್ದನ್ನು ನೋಡಿ ಅವರ ಮುಖ ಬಿಳಿಚಿತು. ಕುರ್ಚಿಗಳು ಉರುಳಿದವು. ಅಧಿಕಾರಿ ಓಡಿಹೋಗಿ ವಾಲ್ವ್ ತಿರುಗಿಸಿದ. ಕಾರಂಜಿ ನಿಂತಿತು.

ತೊಟ್ಟಿಯಲ್ಲಿ ಇನ್ನೂ ಮೊಣಕಾಲುದ್ದ ನೀರಿತ್ತು. ಗಂಟಲಕ್ಕ ಇನ್ನೊಂದು ಬಟ್ಟೆ ಅದ್ದಿದಳು.