ಚೌಕದ ಆಚೆ

ಚೌಕ ಖಾಲಿ ಜಾಗದ ಮೇಲೆ ಕೂತಿತ್ತು. ಉಪಗ್ರಹದ ಕಚೇರಿಯಿಂದ ಆಗತಾನೇ ಬಂದ ಚಿತ್ರದಲ್ಲಿ ಸೂರ್ಯನ ಇಡೀ ಮುಖವಿತ್ತು. ಬಾಹ್ಯಾಕಾಶದ ಕ್ಯಾಮೆರಾ ಇವತ್ತು ನೋಡಲಿರುವ ಜಾಗಕ್ಕೆ ಒಂದು ಪುಟ್ಟ ಬಿಳಿ ಚೌಕ ಹಾಕಿದ್ದರು. ಅವಳು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದಳು. ಕನ್ನಡಕದ ತಪ್ಪೇನೂ ಇರಲಿಲ್ಲ. ತಮಗೆ ಬೇಕಾದ ಜಾಗ ಅಲ್ಲಿಂದ ದೂರ, ಬಲಗಡೆ ಇತ್ತು.

"ಬಂತೇನಮ್ಮಾ?" ಎಂದರು ಪಕ್ಕದ ಮೇಜಿನಿಂದ ಮೇಷ್ಟ್ರು. ಈ ಸೌರ ವೀಕ್ಷಣಾಲಯದ ಹಿರಿಯ ವಿಜ್ಞಾನಿ ಅವರು. ಪಾಠ ಹೇಳಿಕೊಟ್ಟದ್ದು ಇವಳೊಬ್ಬಳಿಗೇ ಆದರೂ ಗೇಟಿನ ಕಾವಲುಗಾರನಿಗೂ ಅವರು ಮೇಷ್ಟ್ರೇ. ಇವತ್ತು ಮದುವೆ ಮನೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು.

"ಬಂತು ಸರ್," ಎಂದು ಫೋನು ಎತ್ತಿಕೊಂಡು ಅವಳು ಹೊರಗೋಡಿದಳು.

ಸೂರ್ಯನ ವಾತಾವರಣದ ಕೆಳಪದರದಲ್ಲಿ ಸಣ್ಣ ಸಣ್ಣ ಚಿಲುಮೆಗಳು ಏಳುತ್ತವೆ. ಸಣ್ಣವು ಎನ್ನುವುದು ಸೂರ್ಯನ ಲೆಕ್ಕಕ್ಕೆ. ಒಂದೊಂದೂ ಒಂದು ದೇಶವನ್ನೇ ನುಂಗಿ ನೀರು ಕುಡಿಯುವಷ್ಟು ದೊಡ್ಡದು. ಎದ್ದ ಕೆಲವೇ ನಿಮಿಷಕ್ಕೆ ಆರಿಹೋಗುತ್ತವೆ. ಅವುಗಳ ಬುಡದಲ್ಲಿ ಎರಡು ವಿರುದ್ಧ ಕಾಂತಧ್ರುವಗಳು ತಾಗಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಚಿಲುಮೆ ಹುಟ್ಟುವುದೇ ಅದರಿಂದ ಎಂದು ಮೇಷ್ಟ್ರು ಪ್ರಾಯದಿಂದಲೂ ಹೇಳಿಕೊಂಡು ಬಂದಿದ್ದರು. ಕೇಳಿದವರು ಹೂಂಗುಟ್ಟಿ, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಇಲ್ಲಿನ ದೂರದರ್ಶಕಕ್ಕೆ ಚಿಲುಮೆ ಕಾಣುತ್ತದೆ, ಬುಡದ ಕಾಂತತೆ ಅಷ್ಟು ಸೂಕ್ಷ್ಮವಾಗಿ ಕಾಣುವುದಿಲ್ಲ. ಅದು ಕಾಣುವುದು ಉಪಗ್ರಹಕ್ಕೆ. ಎರಡೂ ಒಂದೇ ಹೊತ್ತಿನಲ್ಲಿ ಒಂದೇ ಜಾಗವನ್ನು ನೋಡಬೇಕು. ಅರ್ಜಿ ಹಾಕಿ ಹಾಕಿ ಕೊನೆಗೊಮ್ಮೆ ಒಂದು ಗಂಟೆ ಸಿಕ್ಕಿತ್ತು. ಮುಂದಿನ ವಾರ ಮೇಷ್ಟ್ರ ನಿವೃತ್ತಿ. ಅವರ ಜೊತೆಗೇ ಈ ಹಳೆಯ ದೂರದರ್ಶಕಕ್ಕೂ ಬೀಗ ಬೀಳಲಿತ್ತು.

ಉಪಗ್ರಹಕ್ಕೆ ಜಾಗವನ್ನು ಹಿಂದಿನ ದಿನವೇ ಹೇಳಿಬಿಡಬೇಕು. ಸೂರ್ಯ ತಿರುಗುತ್ತಾನಲ್ಲ, ಇವತ್ತು ಇಲ್ಲಿರುವುದು ನಾಳೆ ಬಲಕ್ಕೆ ಸರಿದಿರುತ್ತದೆ. ಆದರೆ ವೀಕ್ಷಣಾಲಯದ ಕನ್ನಡಿಯಿಂದಾಗಿ ಇಲ್ಲಿನ ಪರದೆಯಲ್ಲಿ ಎಡಬಲ ಅದಲುಬದಲು. ಇಲ್ಲಿ ಸೂರ್ಯ ಎಡಕ್ಕೆ ಸರಿಯುತ್ತಾನೆ. ಜಾಗವನ್ನೇನೋ ಅವಳು ಜ್ಞಾಪಕವಿಟ್ಟು ಎಡಬಲ ತಿರುಗಿಸಿ ಬರೆದಿದ್ದಳು. ನಾಳೆಗೆಂದು ಸರಿಸುವಾಗ ಮಾತ್ರ, ವರ್ಷಗಟ್ಟಲೆ ಅದೇ ಪರದೆ ನೋಡಿದ ರೂಢಿಗೆ ಎಡಕ್ಕೆ ಸರಿಸಿಬಿಟ್ಟಿದ್ದಳು. ಮೇಷ್ಟ್ರು ಇನ್ನೊಮ್ಮೆ ನೋಡಿರಲಿಲ್ಲ. "ನೀನು ಮಾಡಿದ ಮೇಲೆ ನಾನೇನು ನೋಡೋದು?" ಎಂದಿದ್ದರು.

ಫೋನಿನ ಆಚೆಗಿದ್ದವನು ಒಳ್ಳೆಯವನೇ. ಅವಳು ಅಂಗಲಾಚಿದ್ದನ್ನೆಲ್ಲ ಕೇಳಿಸಿಕೊಂಡ. "ಆಜ್ಞೆ ಆಗಲೇ ಮೇಲೆ ಹೋಗಿಯಾಯ್ತಮ್ಮಾ. ಅದೇನು ಆಟೋನೇ, ಕೂಗಿ ತಿರುಗಿಸೋಕೆ? ನನ್ನ ಕೈಲಿ ಏನೂ ಇಲ್ಲ."

"ಯಾರ ಕೈಲಿದೆ ಹೇಳಿ, ಅವರನ್ನೇ ಕೇಳ್ತೀನಿ."

"ಯಾರ ಕೈಲೂ ಇಲ್ಲ," ಎಂದ ಅವನು. ಅವನಿಗೂ ಪಾಪ ಅನ್ನಿಸಿರಬೇಕು, ಫೋನು ಇಡಲು ಸ್ವಲ್ಪ ಹೊತ್ತು ತೆಗೆದುಕೊಂಡ.

ಒಳಗೆ ಬಂದು ಅವಳು ನಿಂತೇ ಹೇಳಿದಳು. "ಎಡಕ್ಕೆ ಸರಿಸಿಬಿಟ್ಟಿದೀನಿ ಸರ್. ಜಾಗಾನ."

ಮೇಷ್ಟ್ರು ಎದ್ದು ಬಂದು ಚೌಕ ನೋಡಿದರು. "ಫೋನ್ ಮಾಡು!"

"ಮಾಡಿದೆ. ಆಗಲ್ವಂತೆ."

"ಮೂರು ವರ್ಷದಿಂದ ಇದೇ ಕನ್ನಡಿ ಮುಂದೆ ಕೂತಿದೀಯಲ್ಲೇ!" ಅವರ ಕೂಗಿಗೆ ಕಾವಲುಗಾರ ಬಾಗಿಲಲ್ಲಿ ಇಣುಕಿದ. ಅವರು ಅವಳನ್ನು ಎಂದೂ ಹೀಗೆ ಗದರಿಸಿರಲಿಲ್ಲ. ಅವಳು ನೆಲ ನೋಡುತ್ತಾ ನಿಂತಳು. ಭೂಮಿ ಬಾಯಿಬಿಟ್ಟರೆ ಇಳಿದುಹೋಗಲು ಅವಳು ತಯಾರಿದ್ದಳು.

ಮೇಷ್ಟ್ರು ಕುರ್ಚಿಗೆ ಕುಸಿದರು. "ಪರದೇಲಿ ಎಡಬಲ ಸರಿಮಾಡ್ತೀನಿ ಅಂದಿದ್ದೆ ನೀನು, ಬಂದ ಹೊಸದರಲ್ಲಿ," ಎಂದರು. "ಬೇಡ, ಕನ್ನಡಿ ಹೇಗೆ ತೋರಿಸುತ್ತೋ ಹಾಗೇ ನೋಡೋದು ಕಲಿ ಅಂದೆ. ದೊಡ್ಡ ಮನುಷ್ಯ ನಾನು."

ಆ ಒಂದು ಗಂಟೆ ಶುರುವಾಯಿತು. ಆಕಾಶ ವರ್ಷಕ್ಕೊಮ್ಮೆ ಸಿಗುವಷ್ಟು ತಿಳಿಯಾಗಿತ್ತು, ಗಾಳಿ ಉಸಿರು ಬಿಗಿಹಿಡಿದಿತ್ತು. ಸರಿಯಾದ ಜಾಗಕ್ಕೇ ತಿರುಗಿದ್ದ ಇಲ್ಲಿನ ದೂರದರ್ಶಕದ ಪರದೆಯಲ್ಲಿ ಚಿಲುಮೆಗಳು ಏಳತೊಡಗಿದವು. ಹಸಿ ಸೌದೆ ಸಿಡಿದಂತೆ ಇಲ್ಲೊಂದು, ಅಲ್ಲೆರಡು, ಆಮೇಲೆ ಎಣಿಸಲಾಗದಷ್ಟು. ಇಂಥ ದಿನವನ್ನು ಅವಳು ನೋಡಿರಲಿಲ್ಲ. ಒಂದು ಮೋಡವಾದರೂ ಬಂದು ಮುಚ್ಚಬಾರದೇ ಎಂದು ಅವಳಿಗೆ ಅನ್ನಿಸಿತು. ಮೇಷ್ಟ್ರು ಮಾತ್ರ ಪ್ರತಿಯೊಂದು ಎದ್ದಾಗಲೂ ಮುಂದಕ್ಕೆ ಬಾಗುತ್ತಿದ್ದರು. "ನೋಡು, ನೋಡು," ಎನ್ನುತ್ತಿದ್ದರು, ತಡೆಯಲಾರದೆ.

ನಡುವೆ ಅವರ ಹೆಂಡತಿಯ ಫೋನು ಬಂತು. ನಿಶ್ಶಬ್ದದಲ್ಲಿ ಆಕೆಯ ದನಿ ಅವಳಿಗೂ ಕೇಳಿಸಿತು. "ಏನಂದ್ರೆ, ಕೈ ಕೊಡ್ಲಿಲ್ಲ ತಾನೆ ನಿಮ್ಮ ಸೂರ್ಯ?"

"ಇಲ್ಲ ಕಣೆ," ಎಂದರು ಮೇಷ್ಟ್ರು. "ಅವನು ಕೈ ಕೊಡ್ಲಿಲ್ಲ. ಚೆನ್ನಾಗಿ ಬಂದಿದಾನೆ."

ಅವಳಿಗೆ ಅಳು ತಡೆಯಲಾಗಲಿಲ್ಲ. ಮೇಷ್ಟ್ರು ತಮ್ಮ ಕರವಸ್ತ್ರವನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು, ಕಣ್ಣು ಪರದೆಯ ಮೇಲೇ ಇತ್ತು.

ಮಧ್ಯಾಹ್ನ ಉಪಗ್ರಹ ತೆಗೆದ, ಆ ಚೌಕದೊಳಗಿನ ಜಾಗದ ಚಿತ್ರ ಬಂತು. ಅದನ್ನು ಗೋಡೆಗೆ ಹಾಕಿದ ದೊಡ್ಡ ಪರದೆಯ ಮೇಲೆ ತೆರೆದರು. ಕಾಂತತೆಯ ಒಂದೊಂದು ಕಪ್ಪು ಬಿಳಿ ಚುಕ್ಕೆಯೂ ಸೂಜಿಯಲ್ಲಿ ಚುಚ್ಚಿದಷ್ಟು ಸ್ಪಷ್ಟವಾಗಿತ್ತು, ಮತ್ತು ಒಂದು ಗಂಟೆಯುದ್ದಕ್ಕೂ ಅಲ್ಲಿ ಏನೂ ನಡೆದಿರಲಿಲ್ಲ.

"ಎಷ್ಟು ಚೆನ್ನಾಗಿ ತೆಗೆದಿದಾರೆ ನೋಡು," ಎಂದರು ಮೇಷ್ಟ್ರು.

ಎದ್ದು ಪರದೆಯ ಹತ್ತಿರ ಹೋದರು. ಅದರ ಅಗಲವನ್ನು ಗೇಣಿನಿಂದ ಅಳೆದುಕೊಂಡರು. ಆಮೇಲೆ ಬಲ ಅಂಚಿನಿಂದ ಆಚೆ, ಗೋಡೆಯ ಮೇಲೆ ಗೇಣು ಹಾಕುತ್ತಾ ಹೊರಟರು. ಸ್ವಿಚ್ ಬೋರ್ಡು ದಾಟಿತು. ಈಗಾಗಲೇ ಇಳಿಸಿ ಕಟ್ಟಿಟ್ಟಿದ್ದ ಫೋಟೋದ ಮೊಳೆ ದಾಟಿತು. ಬಾಗಿಲಿನ ಹತ್ತಿರ ಬಂದು ನಿಂತರು.

"ಇಲ್ಲಿದ್ವು," ಎಂದರು.

ಅವಳು ಎದ್ದು ಅವರ ಪಕ್ಕಕ್ಕೆ ಹೋದಳು. ಸುಣ್ಣ ಬಳಿದ ಗೋಡೆಯ ಮೇಲೆ ಅವರ ಬೆರಳು ಹಾಗೇ ನಿಂತಿತ್ತು.